ಶಿವರಾಯ ಮಾಸ್ತರರ ಕರಿ ಗೌನು

ಜೇವರ್ಗಿಯ ಮಿಶನ್ ಕಾಲೇಜಿಗೆ ಶಿವರಾಯ ಮಾಸ್ತರರು ಪ್ರಿನ್ಸಿಪಾಲರಾದದ್ದು ಅವರ ಯೋಗ್ಯತೆಯಿಂದಲ್ಲ. ಉಳಿದಿಬ್ಬರ ಜಗಳದಿಂದ.

ಕಾಲೇಜು ಅಂದ ಕೂಡಲೇ ಯಾರೂ ಕಮಾನು, ಗಡಿಯಾರದ ಗೋಪುರ ಅಂತೆಲ್ಲ ಕಲ್ಪಿಸಿಕೊಳ್ಳಬಾರದು. ಊರ ಹೊರಗೆ ಜೋಳದ ಹೊಲಗಳ ನಡುವೆ ಫರಸಿ ಹಾಸಿದ ನಾಲ್ಕು ಕೋಣೆ, ಎದುರಿಗೊಂದು ಬೇವಿನ ಮರ, ಆ ಮರಕ್ಕೆ ಗಂಟೆಯ ಬದಲು ತೂಗುಹಾಕಿದ ರೈಲು ಕಂಬಿಯ ತುಂಡು. ಕೋಣೆ ತುಂಬುವಷ್ಟು ಹುಡುಗರಿರಲಿಲ್ಲ, ಹುಡುಗರಿಗೆ ಸಾಲುವಷ್ಟು ಮಾಸ್ತರರಿರಲಿಲ್ಲ. ಹೀಗಾಗಿ ಯಾವುದೂ ಕಡಿಮೆ ಅನಿಸುತ್ತಿರಲಿಲ್ಲ. ಇದನ್ನು ಕಟ್ಟಿಸಿದ ಪಾದ್ರಿ ಸಾಹೇಬರು ಮಾತ್ರ ಎದೆ ಮುಂದೆ ಮಾಡಿ 'ನಮ್ಮ ಕಾಲೇಜು' ಅನ್ನುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ನಂಬುವುದು ಅವರ ಕಸುಬೇ ಆಗಿತ್ತಲ್ಲ.

ವಿಲಾಯತಿಯಲ್ಲಿ ಲಡಾಯಿ ಸುರುವಾದ ಮರುವರ್ಷ ಬೇಸಿಗೆ ಬೇಗನೆ ಬಂತು. ಪಾದ್ರಿ ಸಾಹೇಬರ ಹೆಂಡತಿ ಮೇಡಂ ಅವರು ಬಿಸಿಲು ತಡೆಯಲಾರದೆ ಮಲಗಿಬಿಟ್ಟರು. ಅವರನ್ನು ನೀಲಗಿರಿಗೆ ಕರೆದುಕೊಂಡು ಹೋಗದೆ ಗತಿಯಿರಲಿಲ್ಲ. ಹೊರಡುವ ಮುಂಜಾನೆ ಪಾದ್ರಿ ಸಾಹೇಬರು ಮಾಸ್ತರರನ್ನೆಲ್ಲ ಕೂಡಿಸಿ ಕೇಳಿದರು. ಅವರ ಕನ್ನಡ ಬೈಬಲ್ಲಿನಿಂದ ಕಲಿತದ್ದು.

"ಸಹೋದರರೇ, ನಾನು ಹಿಂತಿರುಗುವ ಪರಿಯಂತರ ಈ ಮಂದೆಯನ್ನು ಕಾಯುವವರು ಯಾರು?"

ಗಣಿತದ ಪ್ರಭುದಾಸ ಮಾಸ್ತರರು ಮಾಡಿನ ಕಡೆ ನೋಡುತ್ತ ಅಂದರು, "ನಾ ಅಂತ ನಾನ ಹೆಂಗ್ ಹೇಳ್ಲಿರಿ? ಆದ್ರ ಮಿಶನ್ನಿನ ಕಾಲೇಜಿಗೆ ಮಿಶನ್ನಿನವ್ರ ಇದ್ರ ಚೆಂದಲ್ರಿ."

ಫಾರ್ಸಿ ಕಲಿಸುವ ಬುರಾನುದ್ದೀನ ಮೌಲ್ವಿಗಳು ಗಡ್ಡ ನೀವಿಕೊಂಡರು. "ಉಮರಿನಾಗ ನಾ ದೊಡ್ಡಾಂವ. ನಿನ್ನೆ ಮೊನ್ನೆ ಬಂದವ್ರ ಕೈಕೆಳಗ ಕೂಡೂದಂದ್ರ ನಾ ಈಗಿಂದೀಗ ಗುಲಬರ್ಗಾಕ್ಕ ಹೋಗ್ತೇನಿ."

"ಹೋಗ್ರಿ. ಮೋಟಾರು ಇನ್ನೂ ಬಜಾರದಾಗ ನಿಂತದ."

"ನೀವ ಹೋಗ್ರಿ. ನಿಮ್ಮ ಲೆಕ್ಕ ಯಾ ಹುಡುಗುಗ ತಿಳೀತದ?"

"ನಿಮ್ಮ ಫಾರ್ಸಿ ನಿಮಗರ ತಿಳೀತದೇನ್ರಿ?"

ಇಷ್ಟರಲ್ಲಿ ಗಾಳಿಗೆ ಕಿಟಕಿಯ ಬಾಗಿಲು ಬಡಿದುಕೊಳ್ಳತೊಡಗಿತು. ಇತಿಹಾಸ ಕಲಿಸುವ ಶಿವರಾಯ ಮಾಸ್ತರರು ಯಾರಿಗೂ ತ್ರಾಸಾಗಬಾರದೆಂದು ಮೆಲ್ಲಗೆ ಎದ್ದು ಅದನ್ನು ಮುಚ್ಚಲು ಹೋದರು. ಎದ್ದು ನಿಂತ ಮನುಷ್ಯ ಅವರೊಬ್ಬರೇ. ಪಾದ್ರಿ ಸಾಹೇಬರ ಕಣ್ಣು ಅವರ ಮೇಲೆ ಬಿತ್ತು.

"ಇಗೋ, ಶಿವರಾಯರು ಎದ್ದಿದ್ದಾರೆ!" ಅಂದರು.

ಮಾಸ್ತರರು ಕಿಟಕಿಯ ಚಿಲಕ ಹಿಡಿದುಕೊಂಡೇ ಪ್ರಿನ್ಸಿಪಾಲರಾದರು.

ಕೊಳಕೂರಿನ ಒಕ್ಕಲುತನದ ಮನೆಯಿಂದ ಬಂದ, ಹಣೆಗೆ ದಿನಾ ವಿಭೂತಿ ಹಚ್ಚುವ ಲಿಂಗಾಯತ ಮನುಷ್ಯ ಮಿಶನ್ ಕಾಲೇಜಿನ ಯಜಮಾನನಾದದ್ದು ಊರಿಗೆ ಮೊದಲು ವಿಚಿತ್ರವಾಗೇನೂ ಕಾಣಲಿಲ್ಲ. ವಿಚಿತ್ರವಾಗಿ ಕಂಡದ್ದು ಮಾಸ್ತರರಿಗೇ. ಯಾಕೆಂದರೆ ಅವರು ಯಜಮಾನರಾದ ಮೇಲೆ ಅವರ ಮಾತನ್ನು ಯಾರೂ ಕೇಳದಂತಾಯಿತು. ಮೊದಲಾದರೂ ಅವರು ಮಾತಾಡುತ್ತಿರಲಿಲ್ಲವಾದ್ದರಿಂದ ಕೇಳದಿದ್ದದ್ದು ಗೊತ್ತಾಗುತ್ತಿರಲಿಲ್ಲ. ಈಗ ಜವಾನ ಸ್ಟೂಲಿನಿಂದ ಏಳುತ್ತಿರಲಿಲ್ಲ. ಕರಿಹಲಗೆಯ ಮೇಲೆ ಬರೆಯುವ ಖಡು ಯಾರ ಕಪಾಟಿನಲ್ಲಿರಬೇಕು ಎಂಬ ವಿಚಾರಕ್ಕೆ ಕೂಡಿದ ಮೊದಲ ಸಭೆ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ನಡೆಯಿತು. ಕೊನೆಗೆ ಪ್ರಭುದಾಸರು ಬಿಳಿ ಖಡುಗಳನ್ನೂ ಮೌಲ್ವಿಗಳು ಬಣ್ಣದ ಖಡುಗಳನ್ನೂ ಮನೆಗೆ ಒಯ್ದರು. ಶಿವರಾಯ ಮಾಸ್ತರರು ಮರುದಿನ ಪಾಣಿಪತ್ತಿನ ನಕಾಶೆಯನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು.

ಅದೇ ವಾರ ತಹಸೀಲ ಕಚೇರಿಯ ಜವಾನ ಬಂದು ಹೇಳಿಹೋದ. ವಿದ್ಯಾ ಖಾತೆಯ ದೊಡ್ಡ ಅಧಿಕಾರಿ ಮೋಹತಮೀಮ ಸಾಹೇಬರು ಗುಲಬರ್ಗಾದಿಂದ ಬರುತ್ತಾರೆ, ಬಹುಮಾನ ಹಂಚುವ ದಿನವೇ ಬರುತ್ತಾರೆ. ಅವರು ಮೆಚ್ಚಿದರೆ ಕಾಲೇಜಿಗೆ ನಿಜಾಮ ಸರ್ಕಾರದ ಮಂಜೂರಿ ಮುಂದುವರಿಯುತ್ತದೆ. ಮೆಚ್ಚದಿದ್ದರೆ ಬಾಗಿಲಿಗೆ ಬೀಗ.

ಮಾಸ್ತರರು ಕುರ್ಚಿ ಬಿಟ್ಟು ಎದ್ದರು. ಪಾದ್ರಿ ಸಾಹೇಬರ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುವಾಗ ಗೋಡೆಯ ಮೇಲಿನ ಒಂದು ಫೋಟೋ ಕಣ್ಣಿಗೆ ಬಿತ್ತು. ವಿಲಾಯತಿಯ ಯಾವುದೋ ಕಾಲೇಜಿನ ಮಾಸ್ತರರು ಕರಿಯ ಉದ್ದ ಗೌನು ತೊಟ್ಟು ಸಾಲಾಗಿ ಕೂತಿದ್ದರು. ಅವರಲ್ಲಿ ಒಬ್ಬನಿಗೂ ಜವಾನ ಏಳುವುದಿಲ್ಲ ಎಂಬ ಚಿಂತೆಯಿದ್ದಂತೆ ಕಾಣಲಿಲ್ಲ.

ಮನುಷ್ಯನಿಗೆ ಇಷ್ಟೇ ಸಾಕು. ಮಾಸ್ತರರು ಅಂದೇ ಸಂಜೆ ಬಜಾರದ ದರ್ಜಿ ಯಾಕೂಬಸಾಬನ ಅಂಗಡಿಯ ಕಟ್ಟೆ ಹತ್ತಿದರು.

"ಯಾಕೂಬಸಾಬ, ಒಂದು ಗೌನು ಹೊಲೀಬೇಕಲ್ಲ."

"ಮಗಳಿಗೇನ್ರಿ?"

"ಅಲ್ಲೋ ಮಾರಾಯಾ, ನನಗ."

ಯಾಕೂಬಸಾಬ ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದು ಜೋಪಾನವಾಗಿ ಟೊಪ್ಪಿಗೆಗೆ ಚುಚ್ಚಿಕೊಂಡ. ನುಂಗಿಬಿಡುವ ಸಂದರ್ಭ ಅಂತ ಅವನಿಗೆ ಅನಿಸಿರಬೇಕು.

"ಪಾದ್ರಿ ಸಾಹೇಬ್ರ ಕೋಣ್ಯಾಗಿನ ಫೋಟೋದಾಗ ಅದಲ್ಲ, ಹಂಗ," ಮಾಸ್ತರರು ವಿವರಿಸಿದರು. "ಕರೀದು. ಉದ್ದಂದು. ಹಿಮ್ಮಡದ ತನಕ ಬರ್ಬೇಕು."

ಫೋಟೋ ಗೀಟೋ ಯಾಕೂಬಸಾಬನಿಗೆ ಗೊತ್ತಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ಪಾದ್ರಿ ಸಾಹೇಬರು, ಕರಿ, ಉದ್ದ. ಅವನ ಮುಖ ಅರಳಿತು.

"ಹಂಗಂತ ಮೊದ್ಲ ಹೇಳಬಾರ್ದೇನ್ರಿ! ಪಾದ್ರಿ ಸಾಹೇಬ್ರು ಇತವಾರ ದಿನ ಚರ್ಚಿನಾಗ ಹಾಕ್ಕೋತಾರಲ್ಲ, ಆ ಅಂಗಿ ಹೊಲದಾಂವ ನಾನ. ಅಳತಿ ನನ್ ಕಡೆ ಐತಿ. ಮುಬಾರಕ ಮಾಸ್ತರ ಸಾಬ! ಭಾಳ ದೊಡ್ಡ ಕೆಲಸ ಮಾಡಿದ್ರಿ."

ಪ್ರಿನ್ಸಿಪಾಲರಾದದ್ದಕ್ಕೆ ಊರಿನಲ್ಲಿ ಮೊದಲ ಸಲ ಒಬ್ಬರು ಅಭಿನಂದಿಸಿದರಲ್ಲ ಎಂದು ಮಾಸ್ತರರ ಕಣ್ಣು ಒದ್ದೆಯಾಯಿತು.

"ನಂದೇನದ ಯಾಕೂಬಸಾಬ, ಎಲ್ಲಾ ದೇವರ ಕೃಪಾ," ಅಂದರು.

ಯಾವ ದೇವರದು ಅಂತ ಹೇಳಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಮಾಸ್ತರರ ಪಕ್ಕದ ಮನೆಯ ನಿಂಬೆವ್ವ ಕುಬಸ ಇಸಿದುಕೊಳ್ಳಲು ಮರುದಿನ ಅಂಗಡಿಗೆ ಹೋಗಿದ್ದಳು. ಯಾಕೂಬಸಾಬ ಕರಿಯ ಬಟ್ಟೆಯ ರಾಶಿಯಿಂದ ತಲೆಯೆತ್ತಿ, ಈ ಒಂದು ವಾರ ಅವಳ ಕುಬಸ ಆಗುವುದಿಲ್ಲವೆಂದೂ, ಯಾಕೆ ಆಗುವುದಿಲ್ಲವೆಂದೂ ಹೇಳಿದ. ಕುಬಸದ ಸಿಟ್ಟು ನಿಂಬೆವ್ವನಿಗೆ ಅಲ್ಲೇ ಮರೆತುಹೋಯಿತು. ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ನೆಟ್ಟಗೆ ಮಾಸ್ತರರ ಮನೆಗೆ ಬಂದಳು. ಮಾಸ್ತರರ ಹೆಂಡತಿ ಗುರುಶಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಗುರುಶಾಂತಮ್ಮ, ಮನಸ್ಸು ಗಟ್ಟಿ ಮಾಡ್ಕೋ ಬೇ."

"ಯವ್ವಾ! ಯಾರು ಹ್ವಾದ್ರಬೇ?"

"ಯಾರೂ ಹೋಗಿಲ್ಲ. ನಿನ್ನ ಗಂಡ ಹೋಗಾಕತ್ತಾನ."

"ಎಲ್ಲಿಗೆ?"

"ಆ ಕಡಿಗೆ. ಕಿರಸ್ತಾನ ಆಗಾಕತ್ತಾನಂತ. ಬರೇ ಕಿರಸ್ತಾನಲ್ಲ, ಪಾದ್ರಿನ ಆಗ್ತಾನಂತ. ಅಂಗಿ ಹೊಲ್ಯಾಕ ಹಾಕ್ಯಾನ, ನನ್ ಕಣ್ಣಲೆ ನೋಡಿ ಬಂದೀನಿ."

"ಸುಳ್ಳು."

"ಸುಳ್ಳಂದ್ರ ಅಂವ ಮನಿಗಿ ಬಂದಾಗ ಕೊಳ್ಳ ನೋಡು."

ಮಾಸ್ತರರು ಬಂದರು. ಗುರುಶಾಂತಮ್ಮ ಕೊರಳು ನೋಡಿದಳು. ಯಾವಾಗಲೂ ಎದೆಯ ಮೇಲೆ ಹೊಳೆಯುತ್ತಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ. ಅದರ ಕೊಂಡಿ ಮುರಿದಿತ್ತು. ಪತ್ತಾರನಿಗೆ ಬೆಸೆಯಲು ಕೊಟ್ಟು, ಒಳಗಿನ ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಮಾಸ್ತರರು ಬನಿಯನ್ನಿನ ಒಳಗೆ ಧರಿಸಿಕೊಂಡಿದ್ದರು. ಕೇಳಿದ್ದರೆ ಅವರು ಹೇಳುತ್ತಿದ್ದರು. ಆದರೆ ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಕೇಳುವುದಿಲ್ಲ, ತಿಳಿದುಕೊಳ್ಳುತ್ತಾಳೆ. ಗುರುಶಾಂತಮ್ಮ ತುಟಿಪಿಟಿಕ್ಕೆನ್ನದೆ ಮೂರು ರೊಟ್ಟಿ ಹಾಕಿ, ದೂರ ಸರಿದು ನಿಂತಳು. ದಿನಾ 'ಉಪ್ಪು ತಂದಿಲ್ಲ, ಎಣ್ಣಿ ತಂದಿಲ್ಲ' ಎಂದು ಊಟದ ಹೊತ್ತಿಗೇ ಬೆನ್ನು ಹತ್ತುವವಳು ಇಂದು ಸುಮ್ಮನೆ ದೂರ ನಿಂತದ್ದು ನೋಡಿ ಮಾಸ್ತರರು, ಅಧಿಕಾರಕ್ಕೆ ಮನೆಯಲ್ಲಿಯಾದರೂ ಕಿಮ್ಮತ್ತು ಬಂತು ಅಂದುಕೊಂಡು ಇನ್ನೊಂದು ರೊಟ್ಟಿ ಹೆಚ್ಚಿಗೆ ತಿಂದರು.

ಅವರು ಕೈ ತೊಳೆಯುವಷ್ಟರಲ್ಲಿ ಗೊಬ್ಬೂರಿನಲ್ಲಿದ್ದ ದೊಡ್ಡಪ್ಪನೆಂಬ ತನ್ನ ತಮ್ಮನಿಗೆ ಗುರುಶಾಂತಮ್ಮ ಹೇಳಿಕಳಿಸಿಯಾಗಿತ್ತು.

ಸುದ್ದಿ ಮೋಟಾರಿಗಿಂತ ಜೋರು. ಜೇವರ್ಗಿ ಬಿಡುವಾಗ ಶಿವರಾಯ ಮಾಸ್ತರರು ಕಿರಸ್ತಾನರಾಗಲು ಮನಸ್ಸು ಮಾಡಿದ್ದರು. ಭೀಮಾ ದಾಟುವಾಗ ಆಗಿಬಿಟ್ಟಿದ್ದರು. ಅಫಜಲಪುರದ ಸಂತೆಯಲ್ಲಿ ಅವರು ಕೊಳಕೂರಿನ ಮಂದಿಯನ್ನೆಲ್ಲ ಹೊಳೆಗೆ ಇಳಿಸಿ ಮುಳುಗಿಸಿ ಎಬ್ಬಿಸಿದರಂತೆ, ಇಬ್ಬರು ಮುದುಕರಿಗೆ ನೆಗಡಿಯಾಗಿದೆಯಂತೆ. ಆಳಂದ ಮುಟ್ಟುವಷ್ಟರಲ್ಲಿ ಅವರು ಗುರುಶಾಂತಮ್ಮನನ್ನು ತವರಿಗೆ ಕಳಿಸಿ ಟೊಪ್ಪಿಗೆಯ ಮೇಡಂ ಒಬ್ಬಳನ್ನು ಮದುವೆಯಾಗಿದ್ದರು.

ಆಳಂದಕ್ಕೆ ಈ ಸುದ್ದಿ ಮುಟ್ಟಬಾರದಿತ್ತು. ಅಲ್ಲಿಯ ಅರಿವೆ ಅಂಗಡಿಯ ಮಲ್ಲಣ್ಣ ಸಾಹುಕಾರರ ಮಗನಿಗೆ ಮಾಸ್ತರರ ಮಗಳು ನೀಲಮ್ಮನನ್ನು ಕೊಡುವ ಮಾತಾಗಿತ್ತು. ಬರುವ ಹುಣ್ಣಿಮೆಗೆ ನಿಶ್ಚಯ. ನೀಲಮ್ಮನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಈ ಒಂದು ವಾರದಲ್ಲಿ ಅವಳು ಅಪ್ಪನ ಮುಖ ನೋಡುವುದು ಬಿಟ್ಟು, ಬಾವಿಗೆ ನೀರಿಗೆ ಹೋಗುವುದನ್ನೂ ಬಿಟ್ಟು ಒಳಕೋಣೆ ಸೇರಿದ್ದಳು. ಪರೀಕ್ಷೆ ಇಲ್ಲದ ಹುಡುಗಿ ಇಷ್ಟೇಕೆ ಒಳಗೆ ಕೂತಿದ್ದಾಳೆ ಎಂದು ಮಾಸ್ತರರಿಗೆ ಒಮ್ಮೆ ಅನಿಸಿತ್ತು. ಆದರೆ ಮೋಹತಮೀಮರಿಗೆ ಚಹಾ ಕೊಡಬೇಕೋ ಕಾಫಿ ಕೊಡಬೇಕೋ ಎಂಬ ದೊಡ್ಡ ಪ್ರಶ್ನೆ ಮುಂದಿದ್ದುದರಿಂದ ಸಣ್ಣದನ್ನು ಬಿಟ್ಟುಬಿಟ್ಟರು.

ಕಾಲೇಜಿನಲ್ಲೂ ಗಾಳಿ ಬದಲಾಯಿತು. ಒಂದು ಮುಂಜಾನೆ ಪ್ರಭುದಾಸರು ಕೆಂಪಗಾಗಿ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ನಮ್ಮ ಅಜ್ಜನ ಕಾಲದಿಂದ ನಾವು ದೇವರ ಮಾತು ಓದಾಕತ್ತೀವಿ. ಒಂದು ಕುರ್ಚಿ ಸಲುವಾಗಿ ನೀವು ಹಿಂಗ ಅಡ್ಡ ದಾರೀಲೆ ಬರಬಾರ್ದಿತ್ತು, ಮಾಸ್ತರ."

ಕುರ್ಚಿ ಅಂದದ್ದೇ ಮಾಸ್ತರರಿಗೆ ಪ್ರಿನ್ಸಿಪಾಲಗಿರಿಯ ವಿಚಾರ ಅನಿಸಿತು. "ನಾ ಬೇಡಿದ್ದಲ್ರಿ. ಮ್ಯಾಲಿನವ್ರು ಕರದ್ರು, ನಾ ಒಪ್ಕೊಂಡೆ."

"ಖರೆನ ಕರದ್ರೇನು?"

"ನಿಮ್ಮ ಮುಂದನ ಕರದ್ರಲ್ರಿ! ಕಿಟಕಿ ಹತ್ರ ನಿಂತಿದ್ದೆ."

ಪ್ರಭುದಾಸರಿಗೆ ಮೈ ಜುಮ್ಮೆಂದಿತು. ಕಿಟಕಿಯ ಬಳಿ ಈ ಮನುಷ್ಯನಿಗೆ ಆತ್ಮದ ಕರೆ ಬಂದಿದೆ, ತಾವು ಖಡುವಿನ ವಿಚಾರಕ್ಕೆ ಜಗಳಾಡಿದ್ದೇವೆ ಅನಿಸಿ ನಾಚಿಕೆಯಾಯಿತು. ಅವರು ಸಿಟ್ಟಿನವರೇ ಹೊರತು ಕೆಟ್ಟವರಲ್ಲ. ಮರುದಿನ ಬಿಳಿ ಖಡುಗಳನ್ನೆಲ್ಲ ತಂದು ಮಾಸ್ತರರ ಮೇಜಿನ ಮೇಲಿಟ್ಟು, "ಬಹುಮಾನದ ಸಭಾದಾಗ ನಾ ನಾಕು ಮಾತು ಆಡ್ತೇನಿ. ಬ್ಯಾಡನ್ನಬ್ಯಾಡ್ರಿ," ಅಂದರು. ಮಾಸ್ತರರು ಯಾಕೆ ಬೇಡವೆನ್ನುತ್ತಾರೆ?

ಮೌಲ್ವಿಗಳು ಮಾತ್ರ ಮಾತು ಬಿಟ್ಟರು. ತಡೆಯಲಾರದೆ ಒಂದು ದಿನ ತಾವೇ ಬಂದರು. "ಇಷ್ಟು ವರ್ಷ ಒಂದ ಬೆಂಚಿನ ಮ್ಯಾಲ ಕೂತು ಊಟ ಮಾಡೀವಿ, ಮಾಸ್ತರ ಸಾಬ. ಇಷ್ಟ ದೊಡ್ಡ ವಿಚಾರಾ ಮಾಡೂವಾಗ ನಮಗ ಒಂದು ಮಾತು ಕೇಳಬಾರ್ದೇನು?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಲ್ರಿ."

"ಬ್ಯಾಡ ಅಂತಿದ್ದೆ, ಖರೆ. ಆದ್ರ ಕೇಳೂದು ನಿಮ್ಮ ಕೆಲಸ, ಬ್ಯಾಡ ಅನ್ನೂದು ನನ್ನ ಕೆಲಸ."

ಗೌನಿನ ವಿಚಾರ ಇವರಿಗೂ ಹತ್ತಿತಲ್ಲ, ಹೊಟ್ಟೆಕಿಚ್ಚು ಅಂದುಕೊಂಡರು ಮಾಸ್ತರರು. "ನಿಮಗೂ ಬೇಕಂದ್ರ ಯಾಕೂಬಸಾಬಗ ಹೇಳ್ತೇನಿ. ಕರೀ ಅರಿವಿ ಉಳದದ," ಅಂದುಬಿಟ್ಟರು. ಮೌಲ್ವಿಗಳು ಎದೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆ ಸರಿಯುತ್ತ ಕೋಣೆಯಿಂದ ಹೊರಬಿದ್ದರು.

ಆ ಸಂಜೆಯೇ ಪೊಲೀಸ ಅಮೀನರು ಕುದುರೆಯ ಮೇಲಿಂದಲೇ ವಿಚಾರಿಸಿದರು. "ಮಾಸ್ತರ, ಸಭಾ ಜಲ್ಸಾ ಮಾಡ್ತೀರಂತಲ್ಲ, ಪರವಾನಗಿ ಅದೇನು?"

"ಬಹುಮಾನ ಹಂಚೂದ್ರೀ ಸಾಹೇಬ್ರೆ."

"ಮತ್ತ ಹೊಳ್ಯಾಗ?"

"ಹೊಳ್ಯಾಗ ಏನ್ರಿ?"

"ಹಂಗಂದ್ರ ಹೊಳ್ಯಾಗಿಂದು ಇನ್ನೂ ಆಗಿಲ್ಲ," ಎಂದು ಅಮೀನರು ತಮ್ಮಷ್ಟಕ್ಕೆ ಅಂದುಕೊಂಡು ಕುದುರೆ ತಿರುಗಿಸಿದರು.

ಆ ದಿನ ಬಂತು. ಯಾಕೂಬಸಾಬ ಮುಂಜಾನೆಯೇ ಅಂಗಿಯನ್ನು ಕಾಲೇಜಿಗೆ ತಂದ. ಫೋಟೋದಲ್ಲಿದ್ದ ಗೌನು ಮುಂದೆ ಬಾಯಿ ಬಿಟ್ಟುಕೊಂಡು ಹೆಗಲಿನಿಂದ ಜೋತುಬಿದ್ದಿತ್ತು. ಇದು ಗಂಟಲಿನಿಂದ ಕೆಳಗಿನ ಅಂಚಿನ ತನಕ ಬಿಗಿಯಾಗಿ ಮುಚ್ಚಿತ್ತು. ಉದ್ದಕ್ಕೂ ಹುಣಸೆ ಬೀಜದಂಥ ಸಣ್ಣ ಗುಂಡಿಗಳು ಇರುವೆ ಸಾಲಿನ ಹಾಗೆ ಇಳಿದಿದ್ದವು. ಮೇಲೆ ಬಿಳಿಯ ಪಟ್ಟಿ. ಮಾಸ್ತರರಿಗೆ ಎಲ್ಲೋ ಏನೋ ತಪ್ಪಿದೆ ಅನಿಸಿತು. ಆದರೆ ಮೋಹತಮೀಮರ ಮೋಟಾರಿನ ಧೂಳು ಆಗಲೇ ರಸ್ತೆಯಲ್ಲಿ ಕಾಣುತ್ತಿತ್ತು. ಬಿಸಿಲು ಜೋರಾಗಿದ್ದುದರಿಂದ ಬರೀ ಬನಿಯನ್-ಧೋತರದ ಮೇಲೆಯೇ ಅದನ್ನು ಏರಿಸಿಕೊಂಡರು. ಎತ್ತರದ, ತೆಳ್ಳನೆಯ ಪಾದ್ರಿ ಸಾಹೇಬರ ಅಳತೆಯಾದ್ದರಿಂದ ಎದೆಗೆ ಬಿಗಿದು ಒಂದು ಗೇಣು ನೆಲಕ್ಕೆ ಎಳೆಯುತ್ತಿತ್ತು. ಹೊರಗೆ ಬಂದದ್ದೇ ತಡ, ಜವಾನ ದಡಕ್ಕನೆ ಸ್ಟೂಲಿನಿಂದ ಎದ್ದ. ಅಲ್ಲಿಗೆ ಮಾಸ್ತರರ ಅನುಮಾನವೆಲ್ಲ ಹೋಯಿತು.

ಬೇವಿನ ಮರದ ಕೆಳಗೆ ಹಂದರ. ಯಾವ ವರ್ಷವೂ ಬರದಷ್ಟು ಮಂದಿ ಬಂದಿದ್ದರು. ವಿದ್ಯೆಯ ಮೇಲೆ ಜನಕ್ಕೆ ಇಷ್ಟು ಪ್ರೀತಿಯೇ ಎಂದು ಮೋಹತಮೀಮ ಸಾಹೇಬರೇ ಬೆರಗಾದರು. ಅವರು ಹೈದರಾಬಾದಿನವರು, ಉರ್ದು ಬಿಟ್ಟರೆ ಕನ್ನಡದ ಒಂದಕ್ಷರವೂ ಬಾರದು. ಅದಕ್ಕಾಗಿ ಅವರ ಪಕ್ಕದಲ್ಲಿ ಮೌಲ್ವಿಗಳನ್ನು ಕೂಡಿಸಿದ್ದರು. ಎದುರಿಗೆ ಕುರ್ಚಿಯ ಮೇಲೆ ಅಮೀನರು. ಹಿಂದೆ ತನ್ನ ಹೊಲಿಗೆ ವೇದಿಕೆಯ ಮೇಲೆ ಹೇಗೆ ಕಾಣುತ್ತದೆಂದು ನೋಡಲು ಬಂದ ಯಾಕೂಬಸಾಬ.

ಪ್ರಭುದಾಸರು ಎದ್ದು ಗಂಟಲು ಸರಿಮಾಡಿಕೊಂಡರು. "ಇವತ್ತು ನಮ್ಮ ಮಂದೀಗೆ ಒಬ್ಬ ಹೊಸ ಸಹೋದರ ಸಿಕ್ಕಾನ," ಎಂದು ಮಾಸ್ತರರ ಕಡೆ ಕೈ ಚಾಚಿದರು. "ತನ್ನ ಮನಿ, ಮಠ, ಕುಲ ಎಲ್ಲಾ ಬಿಟ್ಟು..."

"ಎಲ್ಲಾ ಬಿಟ್ಟಾನೋ ಏನು ಉಳಿಸ್ಯಾನೋ ನಾವು ನೋಡ್ತೀವಿ!" ಎಂದು ಹಿಂದಿನಿಂದ ಒಂದು ಗುಡುಗು ಬಂತು. ಗೊಬ್ಬೂರಿನ ದೊಡ್ಡಪ್ಪ ನಾಲ್ಕು ಮಂದಿಯ ಸಮೇತ ಹಂದರದೊಳಗೆ ನುಗ್ಗುತ್ತಿದ್ದ. "ಮಾವಾರೆ! ನಮ್ಮ ಅಕ್ಕನ್ನ ಬಿಟ್ಟು ಆ ಮೇಡಂನ ಎಲ್ಲಿಟ್ಟೀರಿ, ಹೊರಗ ಕರಸ್ರಿ!"

"ಯಾ ಮೇಡಂ ಮಾರಾಯಾ?" ಮಾಸ್ತರರು ಕಂಗಾಲಾದರು.

ಇನ್ನೊಂದು ಕಡೆಯಿಂದ ಆಳಂದದ ಮಲ್ಲಣ್ಣ ಸಾಹುಕಾರರು ಎದ್ದು ನಿಂತರು. ದೊಡ್ಡ ರುಮಾಲಿನ ಗಂಭೀರ ಮನುಷ್ಯ. "ಬೀಗ್ರೆ, ನಾವು ಗದ್ದಲ ಮಾಡೂ ಮಂದಿ ಅಲ್ಲ. ಒಂದ ಮಾತು ಕೇಳಿ ಹೋಗ್ತೀವಿ. ಮಂದಿ ಹೇಳೂದು ಖರೆ ಅದನೋ ಇಲ್ಲೋ?"

"ಏನು ಹೇಳ್ತಾರ್ರೀ ಮಂದಿ?"

"ಮೈಮ್ಯಾಲ ಹಾಕ್ಕೊಂಡು ನಿಂತು ಕೇಳ್ತೀರಲ್ರಿ!"

ಮಾಸ್ತರರು ತಮ್ಮ ಮೈ ನೋಡಿಕೊಂಡರು. ಕಣ್ಣು ತುಂಬಿಕೊಂಡು ನಿಂತ ಪ್ರಭುದಾಸರನ್ನು ನೋಡಿದರು, ಗಡ್ಡದ ಮರೆಯಲ್ಲಿ ನಿಟ್ಟುಸಿರಿಡುತ್ತಿದ್ದ ಮೌಲ್ವಿಗಳನ್ನು ನೋಡಿದರು. ಒಂದು ವಾರದ ಎಲ್ಲ ಮಾತುಗಳು ಒಂದರ ಮೇಲೊಂದು ಬಂದು ತಲೆಗೆ ಬಡಿದವು. ಅರ್ಥವಾಯಿತು. ಅರ್ಥವಾದದ್ದನ್ನು ಹೇಳಲು ಬಾಯಿ ತೆರೆದರೆ ಅಷ್ಟರಲ್ಲಿ ಇಡೀ ಹಂದರವೇ ಮಾತಾಡುತ್ತಿತ್ತು. ದೊಡ್ಡಪ್ಪ ವೇದಿಕೆ ಹತ್ತುತ್ತಿದ್ದ, ಪ್ರಭುದಾಸರು "ಹುತಾತ್ಮರಾಗಾಕ ತಯಾರಿರ್ರಿ, ಮಾಸ್ತರ, ನಾ ನಿಮ್ಮ ಸಂಗಾಟ ಅದೇನಿ" ಎಂದು ಅಡ್ಡ ನಿಂತಿದ್ದರು, ನಿಂಬೆವ್ವ "ನಾ ಮೊದಲ ಹೇಳಿದ್ದೆ, ನಾ ಮೊದಲ ಹೇಳಿದ್ದೆ" ಎಂದು ಸುತ್ತಲಿನವರಿಗೆ ಸಾರುತ್ತಿದ್ದಳು. ಅಮೀನರು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಹತ್ತಿರದಲ್ಲಿದ್ದ ಯಾಕೂಬಸಾಬನನ್ನು ಹಿಡಿದುಕೊಂಡಿದ್ದರು.

ಮೋಹತಮೀಮ ಸಾಹೇಬರು ಹುಬ್ಬೆತ್ತಿ ಮೌಲ್ವಿಗಳ ಕಡೆ ಬಾಗಿದರು. "ಯೇ ಕ್ಯಾ ಹೋ ರಹಾ ಹೈ?"

ಕಾಲೇಜಿನ ಮಂಜೂರಿ ಆ ಕ್ಷಣ ಮೌಲ್ವಿಗಳ ನಾಲಿಗೆಯ ಮೇಲೆ ಕೂತಿತ್ತು. ಅವರು ಶಿವರಾಯ ಮಾಸ್ತರರನ್ನು ನೋಡಿದರು. ಸಿಟ್ಟಿತ್ತು, ಬೇಕಾದಷ್ಟಿತ್ತು. ಆದರೂ ಒಂದೇ ಬೆಂಚಿನ ಮೇಲೆ ಉಂಡ ಅನ್ನ.

"ಡ್ರಾಮಾ ಹೈ, ಹುಜೂರ್," ಅಂದರು.

"ಅಚ್ಛಾ!" ಎಂದು ಮೋಹತಮೀಮರು ಕಾಲು ಚಾಚಿ ಆರಾಮಾಗಿ ಕೂತರು.

ದೊಡ್ಡಪ್ಪನ ಕೈ ಮಾಸ್ತರರ ಬಿಳಿ ಪಟ್ಟಿಗೆ ಮುಟ್ಟಿತು. ಆಗ ಏನಾಯಿತೆಂದು ನೋಡಿದವರೆಲ್ಲ ಬೇರೆ ಬೇರೆ ಹೇಳುತ್ತಾರೆ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರದ ಶಿವರಾಯ ಮಾಸ್ತರರು ಮೇಜಿನ ಮೇಲಿನ ಹಿತ್ತಾಳೆ ಚೊಂಬು ಎತ್ತಿ ಧಡ್ ಎಂದು ಕುಕ್ಕಿ, ಬೇವಿನ ಮರದ ಕಾಗೆಗಳು ಹಾರುವಂತೆ ಕೂಗಿದರು.

"ಬಾಯಿ ಮುಚ್ಚಿ ಕೂಡ್ರಿ ಎಲ್ಲಾರೂ!"

ಎಲ್ಲರೂ ಕೂತರು. ಜಾಗವಿಲ್ಲದ ದೊಡ್ಡಪ್ಪ ಮೋಹತಮೀಮರ ಕಾಲಬಳಿ ಕೂತ. ಅಮೀನರು ಯಾಕೂಬಸಾಬನ ಸಮೇತ ಕೂತರು.

"ನಾ ಕಿರಸ್ತಾನ ಆಗಿಲ್ಲ! ಆಗೂದಿದ್ರ ಎದಿ ತಟ್ಟಿ ಹೇಳಿ ಆಗ್ತಿದ್ದೆ, ಅದರಾಗ ಕಳ್ಳತನ ಮಾಡೂದೇನದ? ಪ್ರಭುದಾಸರೇ, ನನ್ನನ್ನ ಕರದದ್ದು ದೇವರಲ್ಲ, ಕಾಲೇಜು ನೋಡ್ಕೋ ಅಂತ ಪಾದ್ರಿ ಸಾಹೇಬ್ರು! ಮೌಲ್ವಿಗಳೇ, ನಿಮಗ ನಾ ಹೊಲಸ್ತೇನಂದದ್ದು ಗೌನು, ಮತ್ತೊಂದಲ್ಲ! ಇದು ವಿಲಾಯತಿ ಮಾಸ್ತರ್ರು ಹಾಕ್ಕೊಳ್ಳೂ ಅಂಗಿ. ಆಗಬೇಕಾಗಿತ್ತು. ಆಗಿಲ್ಲ. ಅದು ಈ ಯಾಕೂಬಸಾಬನ ಕರಾಮತ್ತು!"

"ಹಂಗಾದ್ರ ಲಿಂಗ ತೋರಸ್ರಿ!" ಮಲ್ಲಣ್ಣ ಸಾಹುಕಾರರು ಕೂತಲ್ಲಿಂದಲೇ ಅಂದರು.

ಮಾಸ್ತರರು ಗಂಟಲಿನ ಗುಂಡಿಗೆ ಕೈಹಾಕಿದರು. ಬರಲಿಲ್ಲ. ಎರಡನೆಯದಕ್ಕೆ ಹಾಕಿದರು. ಅದೂ ಬರಲಿಲ್ಲ. ಬೆವರಿಗೆ ಕಾಜು ಬಿಗಿದು ಗುಂಡಿ ಕಚ್ಚಿಕೊಂಡಿತ್ತು. ಕೆಳಗಿನಿಂದ ಎತ್ತಿ ತೆಗೆಯೋಣವೆಂದು ಬಗ್ಗಿದರೆ ಬೆನ್ನು ಬಗ್ಗಲಿಲ್ಲ. ಲಿಂಗವಂತನೊಬ್ಬ ತನ್ನ ಎದೆಯ ಮೇಲಿನ ಲಿಂಗವನ್ನು ತಾನೇ ಮುಟ್ಟಲಾರದೆ ಸಾವಿರ ಮಂದಿಯೆದುರು ಕುಣಿದಾಡತೊಡಗಿದ.

"ಶಾಬಾಸ್!" ಎಂದು ಮೋಹತಮೀಮರು ತೊಡೆ ತಟ್ಟಿದರು.

ಹೆಂಗಸರ ನಡುವಿನಿಂದ ಗುರುಶಾಂತಮ್ಮ ಎದ್ದಳು. ನೆಟ್ಟಗೆ ಅಮೀನರ ಬಳಿ ಹೋಗಿ, ಯಾಕೂಬಸಾಬನ ಜೇಬಿನಿಂದ ಇಣುಕುತ್ತಿದ್ದ ಕತ್ತರಿಯನ್ನು ಎಳೆದುಕೊಂಡಳು. ಗಂಡನನ್ನು ಕೊಲ್ಲುತ್ತಾಳೆ ಎಂದೇ ಪ್ರಭುದಾಸರು ಕಣ್ಣು ಮುಚ್ಚಿಕೊಂಡರು. ಅವಳು ವೇದಿಕೆ ಹತ್ತಿ, ಬಿಳಿ ಪಟ್ಟಿಯ ಕೆಳಗೆ ಕತ್ತರಿ ತೂರಿಸಿ ಗುಂಡಿಗಳ ಸಾಲನ್ನು ಕಚಕಚನೆ ಕತ್ತರಿಸುತ್ತ ಬಂದಳು.

"ಗುಂಡಿ ಕಡೀರಿ ಅವ್ವಾರ, ಅರಿವಿ ಕಡೀಬ್ಯಾಡ್ರಿ!" ಯಾಕೂಬಸಾಬ ಅಮೀನರ ಹಿಡಿತದಿಂದಲೇ ಅಂಗಲಾಚಿದ.

ಅಂಗಿ ತೆರೆಯಿತು. ಬನಿಯನ್ನಿನೊಳಗಿಂದ ಗುರುಶಾಂತಮ್ಮ ಬಿಳಿ ಅರಿವೆಯ ಗಂಟನ್ನು ಹೊರಗೆಳೆದು, ಬಿಚ್ಚಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕರಡಗಿ ಎಲ್ಲದ?"

"ಪತ್ತಾರನ ಕಡೆ. ಕೊಂಡಿ ಮುರದಿತ್ತು."

"ಹೇಳಾಕ ಏನಾಗಿತ್ತು?"

"ನೀ ಕೇಳಲಿಲ್ಲಲ್ಲ!"

"ಕೇಳಿಸ್ಕೊಳ್ಳೂ ಗಂಡ್ಸು ಮನ್ಯಾಗ ಇದ್ರ ಕೇಳ್ತಿದ್ದೆ. ಮಗಳು ಎಂಟು ದಿನದಿಂದ ಅನ್ನ ಬಿಟ್ಟು ಅಳಾಕತ್ಯಾಳ. ಅದನ್ನರ ನೋಡೀರೇನು?"

 ಮಾಸ್ತರರ ಅಷ್ಟು ಹೊತ್ತಿನ ಕೂಗಾಟ, ಕುಣಿದಾಟ ಎಲ್ಲ ಒಮ್ಮೆಲೇ ಮೈಯಿಂದ ಇಳಿದುಹೋಯಿತು. ಇಬ್ಭಾಗವಾದ ಕರಿ ಅಂಗಿಯಲ್ಲಿ, ಹೆಂಡತಿಯೆದುರು, ಪಾಠ ಬಾರದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ ನಿಂತರು. ಮಂದಿಯಲ್ಲಿ ಯಾರೂ ನಗಲಿಲ್ಲ.

ಮೋಹತಮೀಮರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಬಹಳ ಚೆನ್ನಾಗಿತ್ತು, ಹೆಂಗಸಿನ ಪಾತ್ರ ಮಾಡಿದವರು ಅದ್ಭುತ, ದಪ್ಪ ಧ್ವನಿಯ ಖಳನಾಯಕನೂ ಅಡ್ಡಿಯಿಲ್ಲ, ಮುಖ್ಯ ಪಾತ್ರಧಾರಿ ಮಾತ್ರ ಸ್ವಲ್ಪ ಅತಿ ಮಾಡಿದ, ಎಂದು ಉರ್ದುವಿನಲ್ಲಿ ಸಾವಕಾಶವಾಗಿ ಹೇಳಿದರು. ಮೌಲ್ವಿಗಳು ಅದನ್ನು ಕನ್ನಡದಲ್ಲಿ "ಮಂಜೂರಿ ಮುಂದುವರಸ್ತಾರ" ಎಂದು ತರ್ಜುಮೆ ಮಾಡಿದರು. ಅದೃಷ್ಟಕ್ಕೆ ಅದೇ ನಿಜವೂ ಆಯಿತು. ನಾಟಕಕ್ಕೆ ಬೇರೆಯೇ ಪರವಾನಗಿ ಬೇಕಲ್ಲವೇ ಎಂದು ಅಮೀನರು ಬಾಯಿ ತೆರೆದವರು, ದೊಡ್ಡ ಸಾಹೇಬರ ನಗುಮುಖ ನೋಡಿ ತಾವೂ ಚಪ್ಪಾಳೆ ತಟ್ಟಿದರು.

ಮಲ್ಲಣ್ಣ ಸಾಹುಕಾರರು ಹೋಗುವ ಮುಂದೆ ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು. "ಹುಣ್ಣಿಮಿಗಿ ಬರ್ತೇವಿ ಬೀಗ್ರೆ. ನಿಮ್ಮ ಧ್ವನಿ ಇಷ್ಟು ಜೋರದ ಅಂತ ಗೊತ್ತಿದ್ದಿಲ್ಲ, ಸಂತೋಷ ಆತು. ಆದ್ರ ನಿಮ್ಮ ಕೈ ಮುಗೀತೇನಿ, ಮದವ್ಯಾಗ ನೀವು ಹೊಸಾ ಅರಿವಿ ಹೊಲಸಬ್ಯಾಡ್ರಿ. ನಮ್ಮ ಅಂಗಡ್ಯಾಂದು ಧೋತರ ಕಳಸ್ತೇನಿ."

ಅಂದು ಸಂಜೆ ಮಾಸ್ತರರು ಕಾಲೇಜಿನಿಂದ ನೇರ ಮನೆಗೆ ಬಂದು, ಒಳಕೋಣೆಯ ಹೊಸ್ತಿಲ ಮೇಲೆ ಕೂತು, ನೀಲಮ್ಮ ಉಣ್ಣುವ ತನಕ ಏಳಲಿಲ್ಲ.

ಮಳೆ ಬೀಳುವ ಹೊತ್ತಿಗೆ ಪಾದ್ರಿ ಸಾಹೇಬರು ಮೇಡಂ ಅವರೊಂದಿಗೆ ಹಿಂತಿರುಗಿದರು. ಮೋಟಾರಿನಿಂದ ಇಳಿದಾಗಿನಿಂದ ಬಂಗಲೆ ಮುಟ್ಟುವ ತನಕ ಅವರಿಗೆ ಈ ಕಥೆಯನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಅವರು ಮರುದಿನ ಶಿವರಾಯ ಮಾಸ್ತರರನ್ನು ಕರೆಸಿ, ಎದುರು ಕೂಡಿಸಿಕೊಂಡು, ಬಾಗಿಲು ಹಾಕಿಸಿದರು. ಕೆಲಸ ಹೋಯಿತೆಂದೇ ಮಾಸ್ತರರು ನಿಶ್ಚಯಿಸಿಕೊಂಡರು.

"ಶಿವರಾಯರೇ, ನಾನು ಈ ಸೀಮೆಯಲ್ಲಿ ಇಪ್ಪತ್ತು ವರುಷ ಬಿಸಿಲೆನ್ನದೆ ಮಳೆಯೆನ್ನದೆ ಸಾರಿದೆನು. ಅಫಜಲಪುರದ ಸಂತೆಯಲ್ಲಿ ನಿಂತು ಕೂಗಿದೆನು. ಒಬ್ಬನಾದರೂ ತಿರುಗಿ ನೋಡಲಿಲ್ಲ." ಪಾದ್ರಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಒಂದೇ ವಾರದಲ್ಲಿ, ಒಂದು ಮಾತನ್ನೂ ಆಡದೆ, ಮೂರು ತಾಲೂಕುಗಳನ್ನು ಎಬ್ಬಿಸಿದಿರಿ. ಅದು ಹೇಗೆ? ನನಗೆ ಕಲಿಸಿಕೊಡಿರಿ."

ಅವರು ತಮಾಷೆ ಮಾಡುತ್ತಿದ್ದಾರೋ, ನಿಜವಾಗಿ ಕೇಳುತ್ತಿದ್ದಾರೋ ಮಾಸ್ತರರಿಗೆ ತಿಳಿಯಲಿಲ್ಲ. ಪುಣ್ಯಕ್ಕೆ ಹೊರಗೆ ರೈಲು ಕಂಬಿಯ ಗಂಟೆ ಹೊಡೆಯಿತು.

"ತರಗತಿ ಅದರಿ," ಎಂದು ಎದ್ದರು.

ತರಗತಿ ಎಂದಿಗಿಂತ ತುಂಬಿತ್ತು. ಈ ವರ್ಷ ಆಳಂದ, ಅಫಜಲಪುರ ಕಡೆಯಿಂದಲೂ ಹುಡುಗರು ಬಂದು ಸೇರಿದ್ದರು, ಕೆಲವರು ಮಾಸ್ತರರನ್ನು ನೋಡುವ ಸಲುವಾಗಿಯೇ. ಮಾಸ್ತರರು ಪುಸ್ತಕ ತೆರೆದು ಅಂದಿನ ಪಾಠದ ತಲೆಬರಹ ನೋಡಿದರು. 'ಅಶೋಕ ಚಕ್ರವರ್ತಿಯ ಮತಾಂತರ' ಎಂದಿತ್ತು.

ತಲೆಯೆತ್ತಿ ನೋಡಿದರು. ಬೆಂಚುಗಳ ತುಂಬ ಹುಡುಗರು ತುಟಿ ಕಚ್ಚಿಕೊಂಡು, ಉಸಿರು ಹಿಡಿದು ಕೂತಿದ್ದರು.

"ಇದನ್ನ ಮನ್ಯಾಗ ಓದ್ಕೊಳ್ರಿ," ಎಂದು ಮಾಸ್ತರರು ಹಾಳೆ ತಿರುವಿದರು. "ಸೀದಾ ಗುಪ್ತರ ಕಡೆ ಬರ್ರಿ."